ಇಂಜಿನಿಯರುಗಳ ಎರಡನೆಯ ವಿದ್ಯಾಭ್ಯಾಸ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬುದು ನಮ್ಮ ನಾಡಿನಲ್ಲಿ ಎಲ್ಲರ ಬಾಯಲ್ಲಿಯೂ ಇರುವ ಗಾದೆ. ಎರಡು ಕಾರ್ಯಗಳೂ ಎಷ್ಟು ಕಷ್ಟಸಾಧ್ಯವಾದುವೆಂಬುದನ್ನು ಅದು ಹೇಳುತ್ತದೆ. ಆದರೆ ಮದುವೆಯ ಮಾರನೆಯ ದಿನದಿಂದ ಸಂಸಾರವು ಮೊದಲಾಗುವಂತೆ, ಗೃಹಪ್ರವೇಶದ ಮಾರನೆಯ ದಿನದಿಂದ ಮನೆಯ ಬಾಳೂ ಮೊದಲಾಗುತ್ತದೆ. ಸೋರುವ ಮಾಳಿಗೆ, ಗೆದ್ದಲು ಹಿಡಿದ ಬಾಗಿಲು, ತೀರದ ಸಾಲ ಇವೆಲ್ಲವೂ ಆಮೇಲಿನ ಮಾತು. ಒಂದು ಮನೆಯ ವಿಷಯದಲ್ಲಿ ನಿಜವಾದ ಈ ಸಂಗತಿಯು ಒಂದು ಅಣೆಕಟ್ಟಿನ, ಒಂದು ಸೇತುವೆಯ, ಒಂದು ಪಟ್ಟಣದ ನೀರಿನ ಏರ್ಪಾಟಿನ ವಿಷಯದಲ್ಲಿ ಇನ್ನೂ ಹೆಚ್ಚು ನಿಜ. ಇವುಗಳನ್ನು ಕಟ್ಟುವ ವಿದ್ಯೆಯನ್ನು ನಮ್ಮ ಇಂಜಿನಿಯರಿಂಗ್ ಕಾಲೇಜುಗಳು ನಾಲ್ಕು ವರ್ಷ ಕಲಿಸುತ್ತವೆ. ಕಟ್ಟಿದ್ದನ್ನು ಐವತ್ತು ನೂರು ವರ್ಷಗಳ ಕಾಲ ನಡೆಸುವ ವಿದ್ಯೆಯನ್ನು ಎಲ್ಲಿ ಕಲಿಯಬೇಕು? ಕೆಲಸದಲ್ಲಿರುವ ಸಿವಿಲ್ ಇಂಜಿನಿಯರುಗಳಿಗಾಗಿ ಮೂಲಸೌಕರ್ಯಗಳ ಇಂಜಿನಿಯರಿಂಗ್ ಮತ್ತು ಆಡಳಿತವೆಂಬ ಸ್ನಾತಕೋತ್ತರ ವ್ಯಾಸಂಗವು ಬೆಳೆದುಬಂದಿರುವುದು ಈ ಪ್ರಶ್ನೆಗೆ ಉತ್ತರವಾಗಿ. ಅದರಲ್ಲಿ ಏನನ್ನು ಕಲಿಸುತ್ತಾರೆ, ಅದು ಯಾರಿಗೆ ಬೇಕು, ಅದನ್ನು ಕೈಗೊಳ್ಳುವವರು ಯಾವ ವಿಷಯದಲ್ಲಿ ಎಚ್ಚರವಾಗಿರಬೇಕು ಎಂಬುದನ್ನು ಈ ಭಾಷಣದಲ್ಲಿ ವಿಚಾರಮಾಡೋಣ.

ಮೂಲಸೌಕರ್ಯವೆಂಬುದು ಈಚೆಗೆ ಬಳಕೆಗೆ ಬಂದ ಮಾತು. ರಸ್ತೆ, ರೈಲು, ಸೇತುವೆ, ಬಂದರು, ಕಾಲುವೆ, ಕುಡಿಯುವ ನೀರು, ಒಳಚರಂಡಿ, ವಿದ್ಯುತ್ತು ಇವೆಲ್ಲವನ್ನೂ ಒಟ್ಟಾಗಿ ಆ ಹೆಸರಿನಿಂದ ಕರೆಯುತ್ತಾರೆ. ಬೆಂಗಳೂರಿನ ಒಂದು ನಲ್ಲಿಯನ್ನೇ ತೆಗೆದುಕೊಳ್ಳಿ. ಅದರಲ್ಲಿ ಬರುವ ಕಾವೇರಿಯ ನೀರು ಸುಮಾರು 100 ಕಿಲೋಮೀಟರು ದೂರದಿಂದ, ಸುಮಾರು 500 ಮೀಟರು ಎತ್ತರವನ್ನು ಪಂಪುಗಳ ಬಲದಿಂದ ಏರಿ ಬರುತ್ತದೆ. 2024ರ ಅಕ್ಟೋಬರಿನಲ್ಲಿ ಈ ಯೋಜನೆಯ ಐದನೆಯ ಹಂತವು ಉದ್ಘಾಟನೆಯಾಗಿ, ದಿನಕ್ಕೆ 77.5 ಕೋಟಿ ಲೀಟರು ನೀರನ್ನು ಒದಗಿಸುವ ಏರ್ಪಾಟು ಹೊಸದಾಗಿ ಸೇರಿತು. ಕೊಳವೆಯ ದಪ್ಪವೆಷ್ಟಿರಬೇಕು, ಪಂಪಿನ ಶಕ್ತಿ ಎಷ್ಟಿರಬೇಕು ಎಂಬುದನ್ನು ಲೆಕ್ಕಹಾಕಲು ಪದವಿಯ ವ್ಯಾಸಂಗವು ಸಾಕು. ಆದರೆ ಈ ಕೆಲಸಕ್ಕೆ ಜಪಾನಿನಿಂದ ತಂದ ಸಾಲವನ್ನು ತೀರಿಸುವುದು ಹೇಗೆ? ಹಗಲಿರುಳೂ ನಡೆಯುವ ಪಂಪುಗಳ ವಿದ್ಯುತ್ತಿನ ಬಿಲ್ಲನ್ನು ಯಾರ ಮೇಲೆ ಎಷ್ಟೆಷ್ಟು ಹಂಚಬೇಕು? ಊರೊಳಗಿನ ಹಳೆಯ ಕೊಳವೆಗಳಲ್ಲಿ ಸೋರಿ ಲೆಕ್ಕಕ್ಕೆ ಸಿಗದೆ ಹೋಗುವ ನೀರನ್ನು ಹಿಡಿಯುವುದು ಮೇಲೋ, ಇನ್ನಷ್ಟು ನೀರನ್ನು ಹೊಳೆಯಿಂದ ಎತ್ತುವುದು ಮೇಲೋ? ಈ ಪ್ರಶ್ನೆಗಳೂ ಇಂಜಿನಿಯರಿನ ಮೇಜಿನ ಮೇಲೆಯೇ ಬಂದು ಬೀಳುತ್ತವೆ. ಇವುಗಳಿಗೆ ಉತ್ತರಕೊಡಲು ಲೆಕ್ಕಪತ್ರ, ಅರ್ಥಶಾಸ್ತ್ರ, ಕಾನೂನು ಮತ್ತು ಜನರೊಡನೆ ನಡೆದುಕೊಳ್ಳುವ ರೀತಿ ಸಹಾ ತಿಳಿದಿರಬೇಕಾಗುತ್ತದೆ.

ಇದು ಪಶ್ಚಿಮದಿಂದ ಹೊಸದಾಗಿ ಬಂದ ಯೋಚನೆಯೆಂದು ಯಾರೂ ತಿಳಿಯಬೇಕಾದುದಿಲ್ಲ. ಈಗಿನ ಆಂಧ್ರದ ಕಡಪಾ ಸೀಮೆಯಲ್ಲಿ ಪೋರುಮಾಮಿಳ್ಳವೆಂಬ ಊರಿದೆ. ಅಲ್ಲಿನ ದೊಡ್ಡ ಕೆರೆಯನ್ನು ವಿಜಯನಗರದ ಬುಕ್ಕರಾಯನ ಮಗನಾದ ಭಾಸ್ಕರ ಭವದೂರನು ಕಟ್ಟಿಸಿದನು. 1369ರ ಅಲ್ಲಿನ ಸಂಸ್ಕೃತ ಶಾಸನವು ಒಳ್ಳೆಯ ಕೆರೆಗೆ ಹನ್ನೆರಡು ಅಂಗಗಳನ್ನೂ ಆರು ದೋಷಗಳನ್ನೂ ಎಣಿಸುತ್ತದೆ. ಗಟ್ಟಿಮಣ್ಣಿನ ನೆಲ, ಸಿಹಿನೀರಿನ ಹೊಳೆ, ಸಮೀಪದಲ್ಲಿ ಕಲ್ಲಿನ ಗಣಿ ಇವು ಅಂಗಗಳಲ್ಲಿ ಸೇರಿರುವುದು ಸಹಜವೇ. ಆದರೆ ಆ ಪಟ್ಟಿಯು ಪ್ರಾರಂಭವಾಗುವುದು ಧರ್ಮಬುದ್ಧಿಯೂ ಐಶ್ವರ್ಯವೂ ಉಳ್ಳ ದೊರೆಯಿಂದ. ಜಲಶಾಸ್ತ್ರವನ್ನು ಬಲ್ಲ ವಿದ್ವಾಂಸನೂ ಕಟ್ಟುವುದರಲ್ಲಿ ನುರಿತ ಜನರೂ ಅದರಲ್ಲಿದ್ದಾರೆ. ದೋಷಗಳಲ್ಲಿ ಏರಿಯಿಂದ ನೀರು ಜಿನುಗುವುದು ಒಂದಾದರೆ, ಎರಡು ರಾಜ್ಯಗಳ ಗಡಿಯಲ್ಲಿ ಕೆರೆಯಿರುವುದು ಇನ್ನೊಂದು. ದಿನಕ್ಕೆ ಸಾವಿರ ಕೂಲಿಯವರೂ ನೂರು ಗಾಡಿಗಳೂ ದುಡಿದು ಎರಡು ವರ್ಷಗಳಲ್ಲಿ ಕೆಲಸವು ಮುಗಿಯಿತೆಂದೂ ಅದರಲ್ಲಿದೆ. ಹಣ, ಆಳು, ಕಾಲ, ಗಡಿಯ ತಂಟೆ ಇವೆಲ್ಲವನ್ನೂ ಮಣ್ಣು ಕಲ್ಲುಗಳ ಜೊತೆಯಲ್ಲಿಯೇ ಇಟ್ಟು ನೋಡಿದ ಆ ಶಾಸನಕಾರನು ನಾವು ಹೇಳಹೊರಟಿರುವ ವ್ಯಾಸಂಗದ ಪಾಠಪಟ್ಟಿಯನ್ನು ಬಹಳ ಮಟ್ಟಿಗೆ ಆಗಲೇ ಬರೆದಿಟ್ಟಿದ್ದನೆನ್ನಬಹುದು. ಕನ್ನಡ ನಾಡಿನ ಕೆರೆಗಳಿಗೂ ಕಟ್ಟಿಸಿದವರು ಬಿತ್ತುವಟ್ಟ, ದಶವಂದ ಮುಂತಾದ ಹೆಸರುಗಳಿಂದ ಭೂಮಿಯನ್ನು ಬಿಟ್ಟು, ಅದರ ಉತ್ಪತ್ತಿಯಿಂದ ಹೂಳೆತ್ತುವುದಕ್ಕೂ ಏರಿಯನ್ನು ಕಾಯುವುದಕ್ಕೂ ದಾರಿಮಾಡುತ್ತಿದ್ದರು.

ನಮ್ಮ ಹೊಸ ಕಾಲದ ಇಂಜಿನಿಯರಿಂಗ್ ಶಿಕ್ಷಣವು ಬೇರೊಂದು ಅವಸರದಲ್ಲಿ ಹುಟ್ಟಿತು. 1847ರಲ್ಲಿ ರೂರ್ಕಿಯ ಕಾಲೇಜು ಸ್ಥಾಪಿತವಾದಾಗ ಗಂಗಾ ಕಾಲುವೆಗೆ ಜನ ಬೇಕಾಗಿದ್ದರು. 1917ರಲ್ಲಿ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಕಾಲೇಜು ಪ್ರಾರಂಭವಾದಾಗಲೂ ನಾಡಿನಲ್ಲಿ ಕಟ್ಟಬೇಕಾದುದೇ ಬೆಟ್ಟದಷ್ಟಿತ್ತು. ಕಟ್ಟುವವರನ್ನು ತಯಾರುಮಾಡುವುದು ಆಗಿನ ಧರ್ಮ; ಅದನ್ನು ಆ ಕಾಲೇಜುಗಳು ಚೆನ್ನಾಗಿ ನೆರವೇರಿಸಿದವು. ಎರಡನೆಯ ಮಹಾಯುದ್ಧದ ನಂತರ ಕೆಲಸಗಳ ಗಾತ್ರವೂ ತೊಡಕೂ ಬೆಳೆದಂತೆ, ನಿರ್ಮಾಣದ ಆಡಳಿತವೇ ಒಂದು ಶಾಸ್ತ್ರವಾಗತೊಡಗಿತು. 1955ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಅದು ಸ್ನಾತಕೋತ್ತರ ವ್ಯಾಸಂಗವಾಯಿತು. ಭಾರತದಲ್ಲಿ ಇದೇ ಉದ್ದೇಶಕ್ಕಾಗಿ 1983ರಲ್ಲಿ ನಿಕ್ಮಾರ್ ಎಂಬ ಸಂಸ್ಥೆಯು ಸ್ಥಾಪಿತವಾಯಿತು. ಆಮೇಲೆ ಹಲವು ವಿಶ್ವವಿದ್ಯಾನಿಲಯಗಳೂ ಈ ದಾರಿಯನ್ನು ಹಿಡಿದವು.

ಈ ವ್ಯಾಸಂಗದ ಮೊದಲನೆಯ ಪಾಠ ಕಾಲದ ಲೆಕ್ಕ. 1957ರ ಸುಮಾರಿನಲ್ಲಿ ಅಮೆರಿಕದ ಡ್ಯುಪಾಂಟ್ ಕಂಪೆನಿಯಲ್ಲಿ ರೂಪುಗೊಂಡ ಒಂದು ಕ್ರಮಕ್ಕೆ ಕ್ರಿಟಿಕಲ್ ಪಾತ್ ಎಂದು ಹೆಸರು. ನಾವು ಅದನ್ನು ನಿರ್ಣಾಯಕ ಮಾರ್ಗವೆನ್ನೋಣ. ಒಂದು ಹಳ್ಳಕ್ಕೆ ಸೇತುವೆಯನ್ನು ಕಟ್ಟಬೇಕಾಗಿದೆಯೆಂದು ಭಾವಿಸಿ. ತಳಹದಿಗೂ ಕಂಬಗಳಿಗೂ 5 ತಿಂಗಳು. ಅದೇ ಕಾಲದಲ್ಲಿ ಬೇರೆ ಕಡೆ ತೊಲೆಗಳನ್ನು ಎರಕಹೊಯ್ಯಲು 3 ತಿಂಗಳು. ತೊಲೆಗಳನ್ನು ಏರಿಸಿ ಕೂಡಿಸಲು 2 ತಿಂಗಳು. ಎರಡು ದಡಗಳಲ್ಲಿ ಸೇತುವೆಯನ್ನು ಸೇರುವ ರಸ್ತೆಗಾಗಿ ರೈತರ ಜಮೀನನ್ನು ಪಡೆಯಲು 8 ತಿಂಗಳು. ಆಮೇಲೆ ಅಲ್ಲಿ ಮಣ್ಣುಹಾಕಿ ಏರಿಮಾಡಲು 4 ತಿಂಗಳು. ಎಲ್ಲವೂ ಸೇರಿದ ಮೇಲೆ ಡಾಂಬರಿಗೆ 1 ತಿಂಗಳು. ಕಂಬಗಳ ದಾರಿಯನ್ನು ಹಿಡಿದು ಕೂಡಿದರೆ 8 ತಿಂಗಳು. ಜಮೀನಿನ ದಾರಿಯನ್ನು ಹಿಡಿದು ಕೂಡಿದರೆ 13 ತಿಂಗಳು. ಹೀಗಿರಲು, ಕಂಬದ ಕೆಲಸಕ್ಕೆ ಇನ್ನೂ ಐವತ್ತು ಆಳುಗಳನ್ನು ಹಚ್ಚಿ, ರಾತ್ರಿಯೂ ದೀಪ ಉರಿಸಿ ದುಡಿಸಿದರೆ ಖರ್ಚು ಹೆಚ್ಚುವುದೇ ಹೊರತು ಸೇತುವೆಯು ಒಂದು ದಿನವೂ ಮುಂಚೆ ತೆರೆಯುವುದಿಲ್ಲ. ಅದರ ಉದ್ಘಾಟನೆಯ ದಿನವು ತಾಲ್ಲೂಕು ಕಚೇರಿಯಲ್ಲಿರುವ ಕಾಗದಪತ್ರಗಳ ಕಟ್ಟಿನಲ್ಲಿದೆ. ಎಷ್ಟೋ ಕಡೆ ಹೊಳೆಯ ನಡುವೆ ಕಂಬಗಳು ನಿಂತು, ಎರಡು ಪಕ್ಕಗಳಲ್ಲಿ ರಸ್ತೆಯಿಲ್ಲದೆ ವರ್ಷಗಟ್ಟಲೆ ಕಾಯುವುದಕ್ಕೆ ಕಾರಣವು ಈ ಸಣ್ಣ ಕೂಡುಲೆಕ್ಕದಲ್ಲಿ ಸಿಗುತ್ತದೆ.

ಎರಡನೆಯ ಪಾಠ ಹಣದ ಲೆಕ್ಕ. ಒಂದು ರಸ್ತೆಯ ತುಂಡಿಗೆ ಎರಡು ಬಗೆಯ ಅಂದಾಜುಗಳು ಬಂದಿವೆಯೆಂದಿಟ್ಟುಕೊಳ್ಳೋಣ. ಒಂದಕ್ಕೆ ಈಗ 100 ಲಕ್ಷ ರೂಪಾಯಿ. ಆದರೆ 5, 10 ಮತ್ತು 15ನೆಯ ವರ್ಷಗಳಲ್ಲಿ ರಿಪೇರಿಗೆ 25 ಲಕ್ಷದಂತೆ ಬೇಕು. ಇನ್ನೊಂದಕ್ಕೆ ಈಗಲೇ 150 ಲಕ್ಷ. ಆಮೇಲೆ 15ನೆಯ ವರ್ಷದಲ್ಲಿ 10 ಲಕ್ಷ ಸಾಕು. ಇಪ್ಪತ್ತು ವರ್ಷಗಳ ಖರ್ಚನ್ನು ಸುಮ್ಮನೆ ಕೂಡಿದರೆ ಮೊದಲನೆಯದು 175 ಲಕ್ಷ, ಎರಡನೆಯದು 160 ಲಕ್ಷ, ಎರಡನೆಯದೇ ಲಾಭಕರ. ಆದರೆ 15 ವರ್ಷಗಳ ಮೇಲೆ ಕೊಡಬೇಕಾದ ರೂಪಾಯಿಯೂ ಇಂದು ಕೊಡಬೇಕಾದ ರೂಪಾಯಿಯೂ ಒಂದೇ ಅಲ್ಲ. ನೂರಕ್ಕೆ 8ರ ಬಡ್ಡಿ ದೊರೆಯುವುದಾದರೆ, 15 ವರ್ಷಗಳ ಮೇಲೆ ಬೇಕಾಗುವ 25 ಲಕ್ಷಕ್ಕಾಗಿ ಇಂದು 8 ಲಕ್ಷಕ್ಕೂ ಸ್ವಲ್ಪ ಕಡಮೆಯನ್ನು ತೆಗೆದಿಟ್ಟರೆ ಸಾಕು. ಈ ಕ್ರಮದಿಂದ ಎಣಿಸಿದರೆ ಮೊದಲನೆಯ ರಸ್ತೆಯ ಇಂದಿನ ಬೆಲೆ ಸುಮಾರು 136 ಲಕ್ಷ, ಎರಡನೆಯದು ಸುಮಾರು 153 ಲಕ್ಷ, ತೀರ್ಪು ತಿರುಗಿತು. ಬಡ್ಡಿಯು ನೂರಕ್ಕೆ 3 ಆದರೆ ಎರಡೂ ಹೆಚ್ಚುಕಡಮೆ ಸಮ. ಇಷ್ಟಕ್ಕೇ ನಿಲ್ಲಿಸಿದವನು ಬರಿಯ ಗುಮಾಸ್ತನಾದಾನು. ಇಂಜಿನಿಯರಾದವನು ಇನ್ನೊಂದು ಪ್ರಶ್ನೆಯನ್ನು ಕೇಳಬೇಕು: 5ನೆಯ ವರ್ಷದಲ್ಲಿ ಬೇಕಾದ ಆ 25 ಲಕ್ಷವು ನಿಜವಾಗಿಯೂ ಮಂಜೂರಾಗುತ್ತದೆಯೆ? ಹೊಸ ಕೆಲಸಕ್ಕೆ ಹಣ ಸಿಕ್ಕುವಷ್ಟು ಸುಲಭವಾಗಿ ಹಳೆಯದರ ರಿಪೇರಿಗೆ ಸಿಕ್ಕುವುದಿಲ್ಲವೆಂಬುದು ಇಲಾಖೆಗಳಲ್ಲಿರುವವರೆಲ್ಲರಿಗೂ ಗೊತ್ತು. ರಿಪೇರಿಯಿಲ್ಲದೆ ಹಾಳಾದ ರಸ್ತೆಯು ಯಾವ ಲೆಕ್ಕದಲ್ಲಿಯೂ ಅಗ್ಗವಲ್ಲ.

ಮೂರನೆಯದು ಕರಾರಿನ ಪಾಠ. ತಳಹದಿಯನ್ನು ಅಗೆಯುವಾಗ ನಿರೀಕ್ಷಿಸದ ಬಂಡೆ ಸಿಕ್ಕಿದರೆ ಅದರ ಹೆಚ್ಚಿನ ಖರ್ಚು ಯಾರದು? ಕಂಟ್ರಾಕ್ಟರನದೆಂದು ಬರೆದರೆ ಅವನು ಆ ಭಯವನ್ನು ಮೊದಲೇ ದರದಲ್ಲಿ ಸೇರಿಸುತ್ತಾನೆ. ಸರ್ಕಾರದ್ದೆಂದು ಬರೆದರೆ ಬಂಡೆಗಳು ಲೆಕ್ಕಕ್ಕಿಂತ ಹೆಚ್ಚಾಗಿ ಸಿಕ್ಕತೊಡಗುತ್ತವೆ. ನಷ್ಟದ ಸಂಭವವನ್ನು ಅದನ್ನು ತಡೆಯಬಲ್ಲವನಿಗೆ ವಹಿಸಬೇಕೆಂಬುದು ಇಲ್ಲಿಯ ಸೂತ್ರ. 2016ರಿಂದ ನಮ್ಮ ರಾಷ್ಟ್ರೀಯ ಹೆದ್ದಾರಿಗಳಲ್ಲಿ ಬಳಕೆಗೆ ಬಂದ ಒಂದು ಪದ್ಧತಿಯಲ್ಲಿ, ಯೋಜನೆಯ ವೆಚ್ಚದ ನೂರಕ್ಕೆ 40 ಪಾಲನ್ನು ಕಟ್ಟುವಾಗ ಕೊಟ್ಟು, ಉಳಿದ 60 ಪಾಲನ್ನು ಸುಮಾರು 15 ವರ್ಷಗಳ ಕಂತುಗಳಲ್ಲಿ ಕೊಡುತ್ತಾರೆ. ಕಟ್ಟಿದವನೇ ಅಷ್ಟು ಕಾಲ ರಸ್ತೆಯನ್ನು ನೋಡಿಕೊಳ್ಳಬೇಕಾದುದರಿಂದ, ಕಳಪೆ ಕೆಲಸದ ಫಲವು ಅವನ ತಲೆಗೇ ಬರುತ್ತದೆ.

ನಾಲ್ಕನೆಯ ಪಾಠ ಪಾಲನೆ. ಇದರಲ್ಲಿ ಪ್ರಾಣಗಳೇ ಪಣವಾಗಿರುತ್ತವೆ. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಸಿದ್ಧವಾಯಿತು. 2024ರ ಆಗಸ್ಟ್ 10ರ ರಾತ್ರಿ ಅದರ 33 ಬಾಗಿಲುಗಳಲ್ಲಿ 19ನೆಯದರ ಸರಪಣಿಯು ತುಂಡಾಗಿ, ಬಾಗಿಲು ಕೊಚ್ಚಿಹೋಯಿತು. ಕಲ್ಲಿನ ಕಟ್ಟಡವು ಅಲುಗಲಿಲ್ಲ, ಹೋದುದು ಸರಪಣಿ. ಒತ್ತಡವನ್ನು ಇಳಿಸಲು ಉಳಿದ ಬಾಗಿಲುಗಳನ್ನೂ ತೆರೆದು, ರೈತರು ಬೆಳೆಗಾಗಿ ನಂಬಿದ್ದ ನೀರನ್ನು ಹೊಳೆಗೆ ಬಿಡಬೇಕಾಯಿತು. ನಿವೃತ್ತರಾಗಿದ್ದ ಬಾಗಿಲುಗಳ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲಿಯೇ ಉಕ್ಕಿನ ಭಾಗಗಳನ್ನು ಒಂದರ ಮೇಲೊಂದರಂತೆ ಇಳಿಸಿ, ಸುಮಾರು ಒಂದು ವಾರದಲ್ಲಿ ಆ ಕಂಡಿಯನ್ನು ಮುಚ್ಚಿದರು. ಆ ಸಾಹಸವನ್ನು ನಾಡೆಲ್ಲ ಕೊಂಡಾಡಿತು, ಕೊಂಡಾಡತಕ್ಕುದೇ ಸರಿ. ಆದರೆ ಎಪ್ಪತ್ತು ವರ್ಷ ನೀರಿನಲ್ಲಿ ನೆನೆದ ಸರಪಣಿಯ ಯಾವ ಕೊಂಡಿಯು ಎಷ್ಟು ಸವೆದಿದೆಯೆಂಬ ದಾಖಲೆಯನ್ನಿಟ್ಟು, ಕಾಲಕ್ಕೆ ಮುಂಚೆ ಬದಲಾಯಿಸುವ ಇಂಜಿನಿಯರನ್ನು ಯಾವ ಪತ್ರಿಕೆಯೂ ಕೊಂಡಾಡುವುದಿಲ್ಲ, ಏತಕ್ಕೆಂದರೆ ಅವನ ಕೆಲಸವು ಸರಿಯಾಗಿ ನಡೆದರೆ ವರದಿಮಾಡುವಂಥ ಸಂಗತಿಯೇ ಉಂಟಾಗುವುದಿಲ್ಲ. ಇದೇ ಜಲಾಶಯದಲ್ಲಿ ಮೊದಲು ಸುಮಾರು 133 ಟಿ.ಎಂ.ಸಿ. ನೀರು ಹಿಡಿಯುತ್ತಿತ್ತು, ಹೂಳು ತುಂಬಿ ಅದು ಸುಮಾರು 105 ಟಿ.ಎಂ.ಸಿ.ಗೆ ಇಳಿದಿದೆ. ಸರಪಣಿಯಂತೆ ಒಂದು ರಾತ್ರಿಯಲ್ಲಿ ಸದ್ದುಮಾಡದೆ, ವರ್ಷವರ್ಷವೂ ಸ್ವಲ್ಪಸ್ವಲ್ಪವಾಗಿ ಆದ ನಷ್ಟ ಇದು.

ಗುಜರಾತಿನ ಮೋರ್ಬಿಯಲ್ಲಿ ನಡೆದುದು ಇನ್ನೂ ದಾರುಣ. ಅಲ್ಲಿನ ಹಳೆಯ ತೂಗುಸೇತುವೆಯನ್ನು ರಿಪೇರಿಮಾಡಿಸಿ, 2022ರ ಅಕ್ಟೋಬರ್ 26ರಂದು ಜನರಿಗೆ ತೆರೆದರು. ನಾಲ್ಕೇ ದಿನಗಳಲ್ಲಿ ಅದು ಹರಿದು ಬಿದ್ದು 135 ಜನ ಸತ್ತರು. ಕಾಲಿಡುವ ಹಾಸನ್ನು ಹೊಸದಾಗಿ ಹಾಕಲಾಗಿತ್ತು. ಭಾರವನ್ನು ಹೊರುವ ಮುಖ್ಯ ಹಗ್ಗದಲ್ಲಿ ಹಲವು ತಂತಿಗಳು ತುಕ್ಕುಹಿಡಿದಿದ್ದುವೆಂದು ಆಮೇಲಿನ ತನಿಖೆಯಲ್ಲಿ ಕಂಡುಬಂದಿತು. ಕಣ್ಣಿಗೆ ಕಾಣುವುದನ್ನು ಹೊಸದುಮಾಡಿ ಕಾಣದುದನ್ನು ಹಾಗೆಯೇ ಬಿಡುವುದು ಆಡಳಿತದ ದೋಷ. ಏನನ್ನು, ಎಷ್ಟು ಕಾಲಕ್ಕೊಮ್ಮೆ, ಯಾರು ಪರೀಕ್ಷಿಸಬೇಕು. ಪರೀಕ್ಷೆಯ ಕಾಗದವು ಯಾರ ಮುಂದೆ ಹೋಗಬೇಕು. ಸೇತುವೆಯನ್ನು ಮುಚ್ಚೆಂದು ಹೇಳುವ ಅಧಿಕಾರವು ಯಾರಿಗಿರಬೇಕು ಎಂಬುದನ್ನು ಈ ವ್ಯಾಸಂಗದಲ್ಲಿ ಕ್ರಮವಾಗಿ ಕಲಿಸುತ್ತಾರೆ. 2021ರ ಅಣೆಕಟ್ಟು ಸುರಕ್ಷತಾ ಕಾಯಿದೆಯು ಮಳೆಗಾಲಕ್ಕೆ ಮುಂಚೆಯೂ ಆಮೇಲೆಯೂ ಅಣೆಕಟ್ಟುಗಳನ್ನು ಪರೀಕ್ಷಿಸಬೇಕೆಂದು ವಿಧಿಸಿದೆ. ಕಾಯಿದೆಯು ವಿಧಿಸಬಲ್ಲದು, ಪರೀಕ್ಷಿಸುವ ಕಣ್ಣನ್ನು ಶಿಕ್ಷಣವೇ ಕೊಡಬೇಕು.

ಐದನೆಯದಾಗಿ ಜನರ ವಿಚಾರ. 1964ರಲ್ಲಿ ಪೂರ್ತಿಯಾದ ಲಿಂಗನಮಕ್ಕಿ ಅಣೆಕಟ್ಟು ನಾಡಿಗೆಲ್ಲ ಬೆಳಕನ್ನು ಕೊಟ್ಟಿತು. ಅದರಲ್ಲಿ ಮನೆ ಜಮೀನುಗಳು ಮುಳುಗಿದ ಶರಾವತಿ ಸೀಮೆಯ ಸಂಸಾರಗಳು ತಾವು ನೆಲೆಸಿದ ಹೊಸ ಭೂಮಿಯ ಹಕ್ಕಿಗಾಗಿ ದಶಕಗಟ್ಟಲೆ ಅಲೆದಾಡಬೇಕಾಯಿತು. ಸ್ಥಳಬಿಟ್ಟವರ ಲೆಕ್ಕವೂ ಯೋಜನೆಯ ಲೆಕ್ಕದಲ್ಲಿಯೇ ಸೇರಬೇಕೆಂಬುದು ಈಗಿನ ಪಾಠಗಳಲ್ಲಿ ಒಂದು.

ಇಲ್ಲಿ ಒಂದು ಆಕ್ಷೇಪಣೆ ಏಳುವುದು ಸಹಜ. ವಿಶ್ವೇಶ್ವರಯ್ಯನವರು ಯಾವ ಆಡಳಿತದ ಪದವಿಯನ್ನು ಪಡೆದಿದ್ದರು? ಪುಣೆಯ ಕಾಲೇಜಿನಲ್ಲಿ ಕಲಿತು, ಮುಂಬಯಿ ಸರ್ಕಾರದ ಮರಾಮತ್ ಇಲಾಖೆಯಲ್ಲಿ ದುಡಿದೇ ಅವರು ಎಲ್ಲವನ್ನೂ ಕಲಿತರಲ್ಲವೆ? ನಿಜ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎಂಬ ಗಾದೆಯೂ ಸುಳ್ಳಲ್ಲ. ಆದರೆ ಅವರ ಕೆಲಸವನ್ನು ನೋಡಿದರೆ ನಾವು ಹೇಳುತ್ತಿರುವ ವಿದ್ಯೆಯೇ ಅಲ್ಲಿ ಕಾಣುತ್ತದೆ. 1902ರಿಂದ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿದು ರಾಜ್ಯಕ್ಕೆ ಆದಾಯವನ್ನು ತರುತ್ತಿತ್ತು. ಬೇಸಗೆಯಲ್ಲಿಯೂ ಅದಕ್ಕೆ ನೀರು ಬೇಕಾಗಿತ್ತು. 1911ರಲ್ಲಿ ಪ್ರಾರಂಭವಾದ ಕನ್ನಂಬಾಡಿಯ ಕಟ್ಟೆಯು ಗದ್ದೆಗೆ ನೀರನ್ನು ಕೊಡುವುದರ ಜೊತೆಗೆ ಆ ವಿದ್ಯುತ್ತಿನ ಆದಾಯವನ್ನೂ ಭದ್ರಪಡಿಸತಕ್ಕುದಾಗಿತ್ತು. ಕಲ್ಲು ಗಾರೆಗಳ ಹಿಂದೆ ಹಣದ ವಿವೇಕವು ನಿಂತಿತ್ತು. ಅಂತಹ ಪ್ರತಿಭೆಯು ತಾನಾಗಿ ಕಲಿತುದನ್ನು ಸಾಮಾನ್ಯರಾದ ಸಾವಿರಾರು ಇಂಜಿನಿಯರುಗಳಿಗೆ ಕ್ರಮವಾಗಿ ಕಲಿಸುವುದೇ ವಿದ್ಯಾಶಾಲೆಗಳ ಕೆಲಸ. ಮಹಾಪುರುಷರು ಹುಟ್ಟಲೆಂದು ಕಾದು ಕುಳಿತರೆ ಚರಂಡಿಗಳು ಕಾಯುವುದಿಲ್ಲ.

ಈ ವ್ಯಾಸಂಗವು ಪದವಿಯನ್ನು ಆಗತಾನೆ ಪಡೆದವರಿಗಿಂತ, ಐದಾರು ವರ್ಷ ಬಿಸಿಲಿನಲ್ಲಿ ನಿಂತು ಕೆಲಸಮಾಡಿಸಿದವರಿಗೆ ಹೆಚ್ಚು ಫಲಕಾರಿ. ಅಳತೆಯ ಪುಸ್ತಕವನ್ನು ಬರೆದವರಿಗೆ, ಬಿಲ್ಲಿಗಾಗಿ ಬಂದು ನಿಂತ ಕಂಟ್ರಾಕ್ಟರನ ಮಾತನ್ನು ಕೇಳಿದವರಿಗೆ, ಒಡೆದ ಕೊಳವೆಯ ಮುಂದೆ ಊರಿನವರ ಕೋಪವನ್ನು ಎದುರಿಸಿದವರಿಗೆ ಪಾಠದ ಒಂದೊಂದು ಮಾತೂ ತಟ್ಟನೆ ಅರ್ಥವಾಗುತ್ತದೆ. ನಮ್ಮ ದೇಶದಲ್ಲಿ ಪೂರ್ಣಕಾಲದ ಎಂ.ಟೆಕ್. ವ್ಯಾಸಂಗಕ್ಕೆ ಎರಡು ವರ್ಷ. ಕೆಲಸವನ್ನು ಬಿಡಲಾರದವರು ಸಂಜೆಯ ತರಗತಿಗಳಲ್ಲಿ, ಶನಿವಾರ ಭಾನುವಾರಗಳಲ್ಲಿ, ಅಥವಾ ಕಂಪ್ಯೂಟರಿನ ಮೂಲಕ ನಡೆಯುವ ಪಾಠಗಳಲ್ಲಿ ಇನ್ನೂ ಹೆಚ್ಚು ಕಾಲ ತೆಗೆದುಕೊಂಡು ಮುಗಿಸುವ ಏರ್ಪಾಟುಗಳು ದೇಶವಿದೇಶಗಳಲ್ಲಿವೆ. ಒಳ್ಳೆಯ ಕಡೆಗಳಲ್ಲಿ ಕೊನೆಯ ಪ್ರಬಂಧವನ್ನು ತಮ್ಮ ಸ್ವಂತ ಕೆಲಸದ ಮೇಲೆಯೇ ಬರೆಯಲು ಬಿಡುತ್ತಾರೆ. ತನ್ನ ತಾಲ್ಲೂಕಿನ ಇನ್ನೂರು ಕಿರುಸೇತುವೆಗಳ ಸ್ಥಿತಿಯನ್ನು ಪಟ್ಟಿಮಾಡಿ, ಯಾವುದಕ್ಕೆ ಮೊದಲು ಹಣ ಹಾಕಬೇಕೆಂದು ತೋರಿಸಿದ ಪ್ರಬಂಧವು ಗ್ರಂಥಭಂಡಾರದಲ್ಲಿ ಧೂಳು ಹಿಡಿಯಬೇಕಾದುದಿಲ್ಲ.

ಆದರೆ ಎಚ್ಚರವೂ ಅಗತ್ಯ. ಕೆಲಸದಲ್ಲಿರುವವರ ಬಿಡುವಿನ ಅಭಾವವನ್ನು ಬಂಡವಾಳ ಮಾಡಿಕೊಳ್ಳುವವರು ಇದ್ದಾರೆ. 2017ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು, ಕೆಲವು ಡೀಮ್ಡ್ ವಿಶ್ವವಿದ್ಯಾನಿಲಯಗಳು ತಕ್ಕ ಒಪ್ಪಿಗೆಯಿಲ್ಲದೆ ದೂರಶಿಕ್ಷಣದ ಮೂಲಕ ಕೊಟ್ಟ ಇಂಜಿನಿಯರಿಂಗ್ ಪದವಿಗಳ ವಿಷಯದಲ್ಲಿ ತೀರ್ಪು ಕೊಟ್ಟಿತು. 2001ರಿಂದ 2005ರವರೆಗೆ ಸೇರಿದ್ದವರ ಪದವಿಗಳನ್ನು ತಡೆಹಿಡಿದು, ಅವರು ಮತ್ತೆ ಪರೀಕ್ಷೆಗೆ ಕೂರಬಹುದೆಂದಿತು. ಆಮೇಲೆ ಸೇರಿದ್ದವರ ಪದವಿಗಳು ರದ್ದಾದವು. ಆದಕಾರಣ ಹಣ ಕಟ್ಟುವುದಕ್ಕೆ ಮುಂಚೆ ಮೂರು ಸಂಗತಿಗಳನ್ನು ಬರವಣಿಗೆಯಲ್ಲಿ ಕೇಳಿ ತಿಳಿಯಬೇಕು: ವ್ಯಾಸಂಗಕ್ಕೆ ಯಾರ ಒಪ್ಪಿಗೆಯಿದೆ, ನಮ್ಮ ಇಲಾಖೆ ಅಥವಾ ಕಂಪೆನಿಯು ಅದನ್ನು ಮನ್ನಿಸುತ್ತದೆಯೆ, ಪಾಠಹೇಳುವವರಲ್ಲಿ ಕೆಲಸವನ್ನು ಕೈಯಾರೆ ನಡೆಸಿದವರು ಎಷ್ಟು ಮಂದಿ. ಬಡ್ತಿಗೆ ಒಂದು ಕಾಗದ ಬೇಕೆಂಬುದಷ್ಟೇ ಉದ್ದೇಶವಾದರೆ, ಸಂಸಾರದ ಸಂಜೆಗಳನ್ನು ಎರಡು ಮೂರು ವರ್ಷ ಒತ್ತೆಯಿಡುವುದಕ್ಕೆ ಅದು ತಕ್ಕ ಕಾರಣವಲ್ಲ. ಮನೆಯ ಭಾರವನ್ನೂ ಕಚೇರಿಯ ಭಾರವನ್ನೂ ಒಟ್ಟಿಗೆ ಹೊತ್ತಿರುವ ಮಹಿಳಾ ಇಂಜಿನಿಯರುಗಳಿಗೆ ಈ ಒತ್ತೆಯು ಇನ್ನೂ ದುಬಾರಿ.

ಇಲಾಖೆಗಳಿಗೂ ಇಲ್ಲಿ ಒಂದು ಕರ್ತವ್ಯವಿದೆ. ಓದಲು ರಜಾ ಕೊಟ್ಟರೆ ಅರ್ಧ ಕೆಲಸವಾಯಿತು. ಸೇತುವೆಗಳ ಪಾಲನೆಯನ್ನು ಕಲಿತು ಬಂದವರನ್ನು ಟಪಾಲು ವಿಭಾಗದಲ್ಲಿ ಕೂರಿಸಿದರೆ, ಅಥವಾ ವರ್ಷಕ್ಕೊಮ್ಮೆ ವರ್ಗಮಾಡುತ್ತ ಹೋದರೆ, ಆ ವಿದ್ಯೆಯಿಂದ ಊರಿಗೆ ಪ್ರಯೋಜನವಿಲ್ಲ. ಪಾಲನೆಗೆ ಪ್ರತ್ಯೇಕ ಹಣ, ಪರೀಕ್ಷೆಯ ದಾಖಲೆ, ಅದನ್ನು ಓದಿ ಸಹಿಮಾಡುವ ಜವಾಬ್ದಾರ ಅಧಿಕಾರಿ, ಈ ಮೂರೂ ಸಿದ್ಧವಿರುವ ಕಡೆಗೆ ಕಲಿತವರನ್ನು ಕಳುಹಿಸತಕ್ಕದ್ದು. ಮುಂದಿನ ಮಳೆಗಾಲಕ್ಕೆ ಮುಂಚೆ ಒಂದು ಬಾಗಿಲಿನ ಸರಪಣಿಯನ್ನು ಒಬ್ಬ ಇಂಜಿನಿಯರು ಕೊಂಡಿಕೊಂಡಿಯಾಗಿ ನೋಡಿ, ಸವೆದುದನ್ನು ಬರೆದು, ಬದಲಾಯಿಸಲು ಹಣವನ್ನು ಕೇಳಿ ಪಡೆದರೆ, ಕೆಳಗಿನ ಬಯಲಿನ ರೈತನಿಗೆ ಆ ವ್ಯಾಸಂಗದ ಹೆಸರು ಕೂಡ ತಿಳಿಯದೆ ಹೋಗಬಹುದು. ಅವನ ಗದ್ದೆಗೆ ನೀರು ಮಾತ್ರ ಕಾಲಕ್ಕೆ ಬರುತ್ತದೆ.